ಹಿಂಬಾಗಿಲಿಲ್ಲದ ಮನೆ: ವಿಕ್ಟೋರಿಯಾ ಕಾಲದ ಬಡವರು, ಸಿರಿವಂತರು ಮತ್ತು ಲೀಡ್ಸ್‌ನ ಒಂದು ಖರೀದಿ

ಪ್ರಶ್ನೆ: ನಾವು ಮಡಿಕೇರಿಯವರು. ಮಗಳೂ ಅಳಿಯನೂ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದಾರೆ. ಈಗ ಬಾಡಿಗೆಗಿರುವ ಮನೆಯನ್ನೇ ಕೊಂಡುಬಿಡುವ ಯೋಚನೆ ಅವರದು. 1890ರ ದಶಕದಲ್ಲಿ ಕಟ್ಟಿದ ವಿಕ್ಟೋರಿಯಾ ಕಾಲದ ಮನೆ ಎಂದು ಏಜೆಂಟ್ ಹೇಳಿದ್ದಾರಂತೆ. ವಿಡಿಯೋ ಕರೆಯಲ್ಲಿ ನೋಡಿದೆ: ಹಿಂಬಾಗಿಲಿಲ್ಲ, ಹಿತ್ತಿಲಿಲ್ಲ, ಹಿಂದಿನ ಗೋಡೆಯ ಆಚೆಗೆ ಇನ್ನೊಬ್ಬರ ಮನೆ. ಪರಿಚಯದವರೊಬ್ಬರು, ಅವೆಲ್ಲ ಕಾಲರಾ ಬಂದು ಜನ ಸತ್ತ ಬಡವರ ಕೇರಿಗಳು, ಗೋಡೆಗೆ ಅಂಟಿಸಿದ ಕಾಗದದಲ್ಲಿ ಪಾಷಾಣವೂ (ಆರ್ಸೆನಿಕ್ ಎಂಬ ವಿಷ) ಇರುತ್ತದೆ ಎಂದು ಹೆದರಿಸಿದ್ದಾರೆ. ಧಾರಾವಾಹಿಗಳಲ್ಲಿ ನೋಡಿದರೆ ಅದೇ ಕಾಲದ ಜನ ಅರಮನೆಯಂಥ ಬಂಗಲೆಗಳಲ್ಲಿ ಸಾಲುಸಾಲು ಆಳುಗಳನ್ನಿಟ್ಟುಕೊಂಡು ಬದುಕಿದ್ದಾರೆ. ಇದರಲ್ಲಿ ನಿಜ ಯಾವುದು? ಮಗಳಿಗೆ ಈಗ ಐದು ತಿಂಗಳು. ಬಾಣಂತನಕ್ಕೆ ನಾನೇ ಹೋಗುವವಳು. ಅಂಥ ಮನೆಯನ್ನು ಕೊಳ್ಳಬಹುದೆ, ಅಲ್ಲಿ ಎಳೆಗೂಸನ್ನು ಇಟ್ಟುಕೊಳ್ಳಬಹುದೆ?

ಉತ್ತರ: ನೀವು ಕೇಳಿರುವುದು ಒಂದು ಮನೆಯ ಖರೀದಿಯ ಬಗ್ಗೆ, ಆದರೆ ನಿಮ್ಮನ್ನು ಕಾಡುತ್ತಿರುವುದು ಆ ಗೋಡೆಗಳ ನಡುವೆ ಹಿಂದೆ ಏನೆಲ್ಲ ನಡೆದಿರಬಹುದೋ ಎಂಬ ಅಂಜಿಕೆ. ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಹಳೆಯ ಮನೆಗಳ ದುರಸ್ತಿ ಮತ್ತು ಸಂರಕ್ಷಣೆಯ ಕೆಲಸ ಮಾಡುವ ವಾಸ್ತುಶಿಲ್ಪಿಯಾಗಿ ಈ ಅಂಜಿಕೆಯನ್ನು ನಾನು ಅನೇಕ ಭಾರತೀಯ ಕುಟುಂಬಗಳಲ್ಲಿ ಕಂಡಿದ್ದೇನೆ. ಮೊದಲು ಸಮಾಧಾನದ ಮಾತು ಹೇಳುತ್ತೇನೆ. 1890ರ ದಶಕದ ಮನೆಯೆಂಬುದು ನಿಜವಾದರೆ ಅಲ್ಲಿ ಕಾಲರಾದಿಂದ ಯಾರೂ ಸತ್ತಿರುವ ಸಂಭವವಿಲ್ಲ, ಏಕೆಂದರೆ ಬ್ರಿಟನ್ನಿನ ಕೊನೆಯ ದೊಡ್ಡ ಕಾಲರಾ ಹಾವಳಿ 1866ರಲ್ಲೇ ಮುಗಿದಿತ್ತು. ಪಾಷಾಣದ ಭಯಕ್ಕೂ ಆ ಕಾಲದ ಮನೆಯಲ್ಲಿ ಹೆಚ್ಚಿನ ಆಧಾರವಿಲ್ಲ. ನಿಜವಾದ ಅಪಾಯಗಳು ಬೇರೆ ಇವೆ, ಅವು ಸೀಸ, ತೇವ ಮತ್ತು ಗಾಳಿಯ ಕೊರತೆ. ಅವುಗಳ ವಿಚಾರಕ್ಕೆ ಬರುವ ಮೊದಲು ಆ ಮನೆ ಯಾರಿಗಾಗಿ ಕಟ್ಟಿದ್ದು, ಅದಕ್ಕೆ ಹಿಂಬಾಗಿಲು ಏಕಿಲ್ಲ ಎಂಬುದನ್ನು ತಿಳಿದುಕೊಂಡರೆ ಉಳಿದದ್ದು ಸುಲಭವಾಗಿ ಅರ್ಥವಾಗುತ್ತದೆ.

ಇಂಥ ಮನೆಗಳನ್ನು ಅಲ್ಲಿನವರು ಬ್ಯಾಕ್-ಟು-ಬ್ಯಾಕ್ ಎನ್ನುತ್ತಾರೆ. ಎರಡು ಬೀದಿಗಳಿಗೆ ಮುಖ ಮಾಡಿದ ಎರಡು ಸಾಲು ಮನೆಗಳಿಗೆ ಹಿಂದಿನ ಗೋಡೆ ಒಂದೇ. ಹಾಗಾಗಿ ಸಾಲಿನ ನಡುವಿನ ಮನೆಗೆ ಮೂರು ಕಡೆ ನೆರೆಯವರು, ಗಾಳಿ ಬೆಳಕು ಬರುವುದು ಮುಂಭಾಗದಿಂದ ಮಾತ್ರ. ಉಣ್ಣೆ ಮತ್ತು ನಾರಿನ ಗಿರಣಿಗಳು ಹಳ್ಳಿಗರನ್ನು ಲೀಡ್ಸ್‌ಗೆ ಎಳೆದು ತಂದ ವೇಗದಲ್ಲಿ, ಕಡಿಮೆ ಜಾಗದಲ್ಲಿ, ಕಡಿಮೆ ಇಟ್ಟಿಗೆಯಲ್ಲಿ ಹೆಚ್ಚು ಬಾಡಿಗೆ ಹುಟ್ಟಿಸುವ ಉಪಾಯ ಅದು. ಮೊದಲು ಕಟ್ಟಿದವುಗಳಿಗೆ ಒಳಚರಂಡಿಯಿರಲಿಲ್ಲ, ಬೀದಿಗೆ ಕಲ್ಲು ಹಾಸಿರಲಿಲ್ಲ, ಹತ್ತಾರು ಸಂಸಾರಗಳಿಗೆ ಒಂದೇ ಕಕ್ಕಸು. 1832ರಲ್ಲಿ ಲೀಡ್ಸ್‌ಗೆ ಕಾಲರಾ ಬಂದು ಏಳುನೂರಕ್ಕೂ ಹೆಚ್ಚು ಜನ ಸತ್ತಾಗ ರಾಬರ್ಟ್ ಬೇಕರ್ ಎಂಬ ವೈದ್ಯರು ರೋಗ ಕಾಣಿಸಿಕೊಂಡ ಸ್ಥಳಗಳನ್ನು ಊರಿನ ನಕ್ಷೆಯ ಮೇಲೆ ಗುರುತಿಸಿದರು. ಚರಂಡಿಯಿಲ್ಲದ, ನೀರು ನಿಲ್ಲುವ, ಕಿಕ್ಕಿರಿದ ಬೀದಿಗಳಲ್ಲಿಯೇ ರೋಗ ಬೀಡುಬಿಟ್ಟಿತ್ತು ಎಂಬುದು ಕಣ್ಣಿಗೆ ಕಾಣುವಂತಾಯಿತು. ನಿಮ್ಮ ಪರಿಚಯದವರು ಹೇಳಿದ ಕೇರಿಗಳು ಇವು. ಅವುಗಳಲ್ಲಿ ಬಹುಪಾಲನ್ನು ನಗರಸಭೆ ಎಂದೋ ಕೆಡವಿದೆ.

1866ರ ಕಾಯಿದೆಯೊಂದು ಲೀಡ್ಸ್‌ನಲ್ಲಿ ಹೊಸದಾಗಿ ಕಟ್ಟುವ ಇಂಥ ಮನೆಗಳು ಎಂಟೆಂಟರ ಗುಂಪಾಗಿಯೇ ಇರಬೇಕೆಂದಿತು. ಗುಂಪುಗಳ ನಡುವಿನ ತೆರಪಿನಲ್ಲಿ ಕಕ್ಕಸುಗಳಿಗೂ ಕಸಕ್ಕೂ ಅಂಗಳ ಬಿಡಬೇಕಾಯಿತು. ಶತಮಾನದ ಕೊನೆಗೆ ಬಂದವು ಇನ್ನೂ ಉತ್ತಮ: ಮನೆಯ ಮುಂದೆ ಅಂಗೈಯಗಲದ ತೋಟ, ನೆಲಮಾಳಿಗೆ, ಪ್ರತಿ ಮನೆಗೂ ತನ್ನದೇ ಕಕ್ಕಸು. 1909ರ ಕಾನೂನು ಹೊಸದಾಗಿ ಇವುಗಳನ್ನು ಕಟ್ಟುವುದನ್ನು ದೇಶಕ್ಕೇ ನಿಷೇಧಿಸಿದರೂ, ಅದಕ್ಕೆ ಮೊದಲೇ ಮಂಜೂರಾದ ನಕ್ಷೆಗಳನ್ನು ಹಿಡಿದುಕೊಂಡು ಲೀಡ್ಸ್‌ನವರು 1937ರವರೆಗೆ ಕಟ್ಟುತ್ತಲೇ ಇದ್ದರು. ನಿಮ್ಮ ಮಗಳ ಮನೆ 1890ರ ದಶಕದ್ದಾದರೆ ಅದರಲ್ಲಿ ಮೊದಲು ವಾಸವಿದ್ದವರು ಯಂತ್ರ ಕೆಲಸ ಬಲ್ಲ ಫಿಟ್ಟರ್, ಬಡಗಿ, ಟ್ರಾಮ್ ಚಾಲಕ, ಅಂಗಡಿ ಗುಮಾಸ್ತ ಇಂಥ ಸ್ಥಿರ ಸಂಬಳದ ಕುಟುಂಬಗಳು ಎಂದು ಊಹಿಸುವುದು ತಪ್ಪಾಗಲಾರದು. ನಿಜವಾದ ಕಡುಬಡವರಿಗೆ ಆ ಬಾಡಿಗೆ ಎಟುಕುತ್ತಿರಲಿಲ್ಲ. ಅವರಿದ್ದದ್ದು ಊರ ನಡುವಿನ ಹಳೆಯ ಅಂಗಳಗಳಲ್ಲಿ, ಅಥವಾ ಸಿರಿವಂತರು ಬಿಟ್ಟುಹೋದ ದೊಡ್ಡ ಮನೆಗಳಲ್ಲಿ ಕೋಣೆಗೊಂದರಂತೆ ಸಂಸಾರ ಹೂಡಿಕೊಂಡು. ಒಂದು ಕಾಲದಲ್ಲಿ ಸಿರಿವಂತ ವ್ಯಾಪಾರಿ ಅತಿಥಿಗಳನ್ನು ಕೂರಿಸುತ್ತಿದ್ದ ಪಡಸಾಲೆಯಲ್ಲೇ ಅರ್ಧ ಶತಮಾನದ ನಂತರ ಆರೇಳು ಜನ ಮಲಗಿ ಏಳುತ್ತಿದ್ದರು. ಹೊಗೆಯಿಂದ ತಪ್ಪಿಸಿಕೊಳ್ಳಲು ಗಿರಣಿ ಮಾಲೀಕರು ಉತ್ತರದ ಎತ್ತರದ ಹೆಡಿಂಗ್ಲಿ, ರೌಂಡ್‌ಹೇ ಕಡೆಗೆ ಸರಿದಂತೆಲ್ಲ ಅವರ ಹಿಂದಿನ ಮನೆಗಳು ಹೀಗೆ ಕೈಯಿಂದ ಕೈಗೆ ಇಳಿಯುತ್ತ ಬಂದವು.

ಇನ್ನು ಧಾರಾವಾಹಿಯ ಬಂಗಲೆ. ಅದು ಸುಳ್ಳಲ್ಲ, ಆದರೆ ಅಂಥವು ತೀರ ವಿರಳ. ವಿಕ್ಟೋರಿಯಾ ರಾಣಿ 1837ರಿಂದ 1901ರವರೆಗೆ ಆಳಿದಳು; ಆ ಕಾಲದ ಉದ್ದಕ್ಕೂ ಆಳಿಟ್ಟುಕೊಂಡ ಮನೆಗಳಲ್ಲಿ ಬಹುಪಾಲಿನಲ್ಲಿ ಇದ್ದದ್ದು ಒಬ್ಬಳೇ ಒಬ್ಬ ಕೆಲಸದ ಹುಡುಗಿ. 1861ರಲ್ಲಿ ಪುಸ್ತಕರೂಪದಲ್ಲಿ ಬಂದ ಇಸಾಬೆಲ್ಲಾ ಬೀಟನ್ನಳ ಗೃಹಕೃತ್ಯದ ಕೈಪಿಡಿ, ಯಾವ ವರಮಾನಕ್ಕೆ ಎಷ್ಟು ಆಳು ಎಂದು ಲೆಕ್ಕವನ್ನೇ ಕೊಡುತ್ತದೆ: ವರ್ಷಕ್ಕೆ 1,000 ಪೌಂಡ್ ಇದ್ದವರು ಅಡುಗೆಯವಳು, ಇಬ್ಬರು ಮನೆಗೆಲಸದವರು, ಮಕ್ಕಳನ್ನು ನೋಡಿಕೊಳ್ಳುವವಳು, ಒಬ್ಬ ಗಂಡಾಳು ಇಷ್ಟನ್ನು ಇಟ್ಟುಕೊಳ್ಳಬಹುದು, 150ರಿಂದ 200 ಪೌಂಡ್ ಇದ್ದವರು ಎಲ್ಲ ಕೆಲಸಕ್ಕೂ ಒಬ್ಬಳನ್ನು. ಆ ಒಬ್ಬಳಿಗೆ ವರ್ಷದ ಸಂಬಳ 9ರಿಂದ 14 ಪೌಂಡ್. 1891ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 12 ಲಕ್ಷಕ್ಕೂ ಹೆಚ್ಚು ಹೆಂಗಸರು ಮನೆಯಾಳುಗಳಾಗಿದ್ದರು. ಹೆಣ್ಣಿಗೆ ಆ ದೇಶದಲ್ಲಿ ಅದಕ್ಕಿಂತ ದೊಡ್ಡ ಉದ್ಯೋಗ ಇನ್ನೊಂದಿರಲಿಲ್ಲ. ಹಾಗಾಗಿ ಬಡವರ ಮನೆ, ಸಿರಿವಂತರ ಮನೆ ಎಂದು ಊರನ್ನು ಎರಡಾಗಿ ಗೆರೆ ಎಳೆದು ನೋಡುವುದು ಪೂರ್ತಿ ಸರಿಯಾಗುವುದಿಲ್ಲ. ಬಡವರ ಮಗಳು ಹದಿಮೂರು ಹದಿನಾಲ್ಕನೆಯ ವಯಸ್ಸಿಗೆ ಸಿರಿವಂತರ ಮನೆಯ ಅಟ್ಟದಲ್ಲೇ ಮಲಗುತ್ತಿದ್ದಳು, ಅದೇ ಸೂರಿನಡಿಯಲ್ಲಿ, ಬೇರೆಯದೇ ಬದುಕನ್ನು ಬದುಕುತ್ತ.

ಆ ಮನೆಗಳನ್ನು ದುರಸ್ತಿಗಾಗಿ ಬಿಚ್ಚುವಾಗ ನನಗೆ ಪ್ರತಿ ಸಲವೂ ಎದ್ದು ಕಾಣುವುದು ಮೆಟ್ಟಿಲುಗಳು. ಯಜಮಾನರ ಮೆಟ್ಟಿಲಿಗೆ ಅಗಲವಾದ ಹಲಗೆ, ಕೆತ್ತನೆಯ ಕಟಕಟೆ, ಮೇಲಿನಿಂದ ಬೆಳಕು; ಆಳುಗಳ ಮೆಟ್ಟಿಲು ಗೋಡೆಯ ಹಿಂದೆ, ಕಡಿದಾಗಿ, ಕತ್ತಲಲ್ಲಿ, ಸವೆದು ಗುಳಿಬಿದ್ದು. ನೆಲಮಾಳಿಗೆಯ ಅಡುಗೆಮನೆಯಿಂದ ಮೇಲಿನ ಮಹಡಿಗಳಿಗೆ ಕಲ್ಲಿದ್ದಲು, ಕಾಯಿಸಿದ ನೀರು, ಊಟದ ತಟ್ಟೆಗಳು ಹೋದದ್ದೂ, ಬೂದಿ, ಕೊಳೆನೀರು, ರಾತ್ರಿಯ ಮೂತ್ರದ ಪಾತ್ರೆಗಳು ಇಳಿದದ್ದೂ ಇದೇ ಮೆಟ್ಟಿಲಿನಲ್ಲಿ. ಸ್ನಾನದ ಕೋಣೆ ಎಂಬುದು ಆ ಕಾಲದ ಬಹುಭಾಗ ಸಿರಿವಂತರಲ್ಲೂ ಅಪರೂಪ. ಮಲಗುವ ಕೋಣೆಯ ಬೆಂಕಿಯ ಮುಂದೆ ತಗಡಿನ ತೊಟ್ಟಿಯಿಟ್ಟು, ಕೆಳಗಿನಿಂದ ಬಿಸಿನೀರನ್ನು ಹೊತ್ತು ತಂದು ತುಂಬುತ್ತಿದ್ದರು. ಹೊರುವವರು ಇದ್ದಷ್ಟು ಕಾಲ ಕೊಳವೆ ಹಾಕಿಸುವ ಅವಸರ ಯಜಮಾನರಿಗೆ ಇರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಹಾನಾ ಕಲ್ವಿಕ್ ಎಂಬ ಕೆಲಸದಾಕೆ ತನ್ನ ದಿನಚರಿಯನ್ನು ಬರೆದಿಟ್ಟಿದ್ದಾಳೆ. ಬೂಟು ಒರೆಸಿದ್ದು, ಒಲೆಗೂಡಿಗೆ ಕಪ್ಪು ಮಸಿ ಹಚ್ಚಿ ಉಜ್ಜಿದ್ದು, ಮೊಣಕಾಲೂರಿ ಮೆಟ್ಟಿಲು ತೊಳೆದದ್ದು, ಮತ್ತೆ ಮರುದಿನ ಅದೇ. ಆ ಕಾಲದ ಸಿರಿವಂತರ ಮನೆಯ ಅಚ್ಚುಕಟ್ಟನ್ನು ಹೊಗಳುವ ಯಾರೇ ಆಗಲಿ ಆ ದಿನಚರಿಯನ್ನೂ ಜೊತೆಗಿಟ್ಟುಕೊಂಡು ಓದುವುದು ಒಳ್ಳೆಯದು.

ಸಿರಿವಂತರ ಮನೆಯೊಳಗಿನ ಸಂಸಾರವೂ ನಾವು ಊಹಿಸುವಷ್ಟು ಬೆಚ್ಚಗಿನದಲ್ಲ. ಮಕ್ಕಳಿಗೆ ಮೇಲಿನ ಮಹಡಿಯಲ್ಲಿ ಬೇರೆಯೇ ಕೋಣೆಗಳು, ನೋಡಿಕೊಳ್ಳಲು ದಾದಿ; ತಂದೆತಾಯಿಯ ಮುಂದೆ ಅವರು ಬರುವುದು ಸಂಜೆಯ ಒಂದು ಹೊತ್ತು, ತಲೆ ಬಾಚಿಸಿಕೊಂಡು. ಗಂಡುಮಕ್ಕಳನ್ನು ಏಳೆಂಟು ವರ್ಷಕ್ಕೇ ವಸತಿಶಾಲೆಗೆ ಕಳುಹಿಸುವುದು ರೂಢಿ. ಮನೆಯೊಡತಿ ಕೈಯಾಡಿಸದೆ ಕೂತಿರುವುದೇ ಗಂಡನ ಸಂಪಾದನೆಗೆ ಸಾಕ್ಷಿ. ಆದರೆ ಮದುವೆಯಾದ ಹೆಣ್ಣಿಗೆ ತನ್ನ ಹೆಸರಿನಲ್ಲಿ ಆಸ್ತಿ ಇಟ್ಟುಕೊಳ್ಳುವ ಪೂರ್ಣ ಹಕ್ಕು ಸಿಕ್ಕಿದ್ದು 1882ರ ಕಾಯಿದೆಯಿಂದ. ನಿಮ್ಮ ಊರಿನ ರಾಜಕುಮಾರಿಯೊಬ್ಬಳು ಈ ಸಿರಿವಂತ ಬದುಕನ್ನು ಒಳಗಿನಿಂದ ಕಂಡವಳು. ಕೊಡಗಿನ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮಳೊಂದಿಗೆ ಇಂಗ್ಲೆಂಡಿಗೆ ಬಂದ. ಆ ವರ್ಷವೇ ಹುಡುಗಿಗೆ ಕ್ರೈಸ್ತ ದೀಕ್ಷೆಯಾಗಿ, ರಾಣಿಯೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಅನಂತರ ಅವಳು ಬೆಳೆದದ್ದು ತಂದೆಯಿಂದ ದೂರ, ಇಂಗ್ಲಿಷ್ ಕುಟುಂಬಗಳ ಆಶ್ರಯದಲ್ಲಿ. ಇಪ್ಪತ್ತರ ಹರೆಯದಲ್ಲೇ, 1864ರಲ್ಲಿ, ಕಣ್ಮುಚ್ಚಿದಳು.

ಪಿಯಾನೋದ ಕಾಲುಗಳನ್ನೂ ನಾಚಿಕೆಯಿಂದ ಬಟ್ಟೆಯಲ್ಲಿ ಮುಚ್ಚುತ್ತಿದ್ದರು ಎಂಬ ಕಥೆಯನ್ನು ನೀವೂ ಕೇಳಿರಬಹುದು. ಅದನ್ನು ನಂಬಬೇಡಿ, ಅದು ಕ್ಯಾಪ್ಟನ್ ಮಾರಿಯಟ್ ಎಂಬ ಆಂಗ್ಲ ಲೇಖಕ 1839ರಲ್ಲಿ ಅಮೆರಿಕದವರನ್ನು ಗೇಲಿ ಮಾಡುತ್ತ ಹೇಳಿದ ಪ್ರಸಂಗ, ಮುಂದೆ ಆಂಗ್ಲರ ಕೊರಳಿಗೇ ಬಿತ್ತು.

ಹಣವಿದ್ದವರಿಗೆ ರೋಗ ತಟ್ಟುತ್ತಿರಲಿಲ್ಲ ಎಂಬುದೂ ಅಂಥದ್ದೇ ಇನ್ನೊಂದು ನಂಬಿಕೆ. 1861ರಲ್ಲಿ ರಾಣಿಯ ಪತಿ ಆಲ್ಬರ್ಟ್ ವಿಂಡ್ಸರ್ ಅರಮನೆಯಲ್ಲಿ ತೀರಿಕೊಂಡಾಗ ವೈದ್ಯರು ಕೊಟ್ಟ ಕಾರಣ ಟೈಫಾಯ್ಡ್. ಹತ್ತು ವರ್ಷಗಳ ತರುವಾಯ ಯುವರಾಜ ಎಡ್ವರ್ಡ್ ಲೀಡ್ಸ್ ಇರುವ ನಮ್ಮ ಯಾರ್ಕ್‌ಷೈರ್ ಸೀಮೆಯದೇ ಕಡಲತೀರವಾದ ಸ್ಕಾರ್‌ಬರೋದಲ್ಲಿ, ಲಾಂಡ್ಸ್‌ಬರೋ ಲಾಡ್ಜ್ ಎಂಬ ಶ್ರೀಮಂತ ಮನೆಯಲ್ಲಿ ಅತಿಥಿಯಾಗಿದ್ದು ಬಂದು ಅದೇ ಜ್ವರದಿಂದ ಸಾವಿನ ಅಂಚಿಗೆ ಹೋದ. ಅವನು ಉಳಿದ; ಅದೇ ಮನೆಯಲ್ಲಿ ತಂಗಿದ್ದ ಚೆಸ್ಟರ್‌ಫೀಲ್ಡಿನ ಅರ್ಲ್ ಎಂಬ ಪದವಿಯ ಶ್ರೀಮಂತ ಉಳಿಯಲಿಲ್ಲ, ಯುವರಾಜನ ಕುದುರೆಯಾಳೂ ಉಳಿಯಲಿಲ್ಲ. ಮನೆಯೊಳಕ್ಕೆ ಕಕ್ಕಸನ್ನು ತಂದಿದ್ದರೂ ಅದರ ಕೊಳವೆ ಸರಿಯಾದ ಒಳಚರಂಡಿಗೆ ಸೇರದೆ ನೆಲದಡಿಯ ಮಲಗುಂಡಿಗೆ ಬೀಳುತ್ತಿದ್ದ ಮನೆಗಳು ಆಗ ಲೆಕ್ಕವಿಲ್ಲದಷ್ಟಿದ್ದವು. ಆ ಘಟನೆಯ ನಂತರ ಸಿರಿವಂತರು ತಮ್ಮ ಚರಂಡಿಗಳನ್ನು ಅಗೆಸಿ ನೋಡಲು ಶುರುಮಾಡಿದರು. ಪಾಷಾಣದ ವಿಷಯವೂ ಮೂಲತಃ ಅನುಕೂಲಸ್ಥರದೇ. ಪಾಷಾಣ ಸೇರಿದ ಹಸಿರು ಬಣ್ಣದ ಗೋಡೆಕಾಗದ ಶತಮಾನದ ನಡುಭಾಗದಲ್ಲಿ ಫ್ಯಾಷನ್ ಆಗಿತ್ತು. ತೇವ ತಾಗಿದ ಕಾಗದದಿಂದ, ಉದುರುವ ಬಣ್ಣದಿಂದ ಜನ ಕಾಯಿಲೆ ಬೀಳುತ್ತಿದ್ದಾರೆಂಬ ಕೂಗೆದ್ದ ಮೇಲೆ, 1880ರ ದಶಕದ ವೇಳೆಗೆ ತಯಾರಕರೇ ತಮ್ಮ ಕಾಗದದಲ್ಲಿ ಪಾಷಾಣವಿಲ್ಲವೆಂದು ಜಾಹೀರಾತು ಕೊಡತೊಡಗಿದ್ದರು. ನಿಮ್ಮ ಮಗಳ ಮನೆ ಅದಕ್ಕಿಂತ ಈಚಿನದು.

ಹಾಗಾದರೆ ಹಣ ಯಾವ ವ್ಯತ್ಯಾಸವನ್ನೂ ಮಾಡಲಿಲ್ಲವೇ ಎಂದರೆ, ಖಂಡಿತ ಮಾಡಿತು, ಭೀಕರವಾಗಿಯೇ ಮಾಡಿತು. ಎಡ್ವಿನ್ ಚಾಡ್ವಿಕ್ ಎಂಬ ಅಧಿಕಾರಿ ಕೂಲಿಕಾರರ ವಸತಿಗಳ ನೈರ್ಮಲ್ಯದ ಬಗ್ಗೆ 1842ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ ವರದಿಯಲ್ಲಿ ಲೀಡ್ಸ್‌ನ ಲೆಕ್ಕವಿದೆ: ಸತ್ತವರ ಸರಾಸರಿ ವಯಸ್ಸು ಮೇಲ್ವರ್ಗದಲ್ಲಿ 44, ಕೂಲಿಕಾರರಲ್ಲಿ 19. ಈ 19 ಎಂಬುದನ್ನು ಜನ ತಪ್ಪಾಗಿ ಓದುತ್ತಾರೆ. ಕೂಲಿಯವರೆಲ್ಲ ಹತ್ತೊಂಬತ್ತಕ್ಕೆ ಸಾಯುತ್ತಿದ್ದರು ಎಂದಲ್ಲ. ಹುಟ್ಟಿದ ಕೂಸುಗಳೂ ಎಳೆಯ ಮಕ್ಕಳೂ ಅಷ್ಟು ಸಂಖ್ಯೆಯಲ್ಲಿ ಸತ್ತದ್ದರಿಂದ ಸರಾಸರಿ ಕುಸಿದಿತ್ತು. ಬಾಲ್ಯವನ್ನು ದಾಟಿದವನು ಐವತ್ತು ಅರವತ್ತು ಮುಟ್ಟುವುದು ಬಡವರಲ್ಲೂ ಇತ್ತು. ಇಡೀ ದೇಶದ ಲೆಕ್ಕ ತೆಗೆದುಕೊಂಡರೆ ಹುಟ್ಟಿದ ಸಾವಿರ ಕೂಸುಗಳಲ್ಲಿ ಸುಮಾರು 150 ವರ್ಷ ತುಂಬುವುದರೊಳಗೆ ಸಾಯುತ್ತಿದ್ದವು, ಮತ್ತು ರಾಣಿ ಸಾಯುವವರೆಗೂ ಆ ಪ್ರಮಾಣ ಹೆಚ್ಚೇನೂ ಇಳಿಯಲಿಲ್ಲ. ಕೊಳೆ ಹಾಲು, ತೊಳೆಯಲು ಬಾರದ ಉದ್ದ ಕೊಳವೆಯ ಹಾಲಿನ ಸೀಸೆ, ಬೇಸಗೆಯ ಭೇದಿ, ಗಿರಣಿಗೆ ಹೋಗುವ ತಾಯಿ ಕೂಸು ಮಲಗಲೆಂದು ಕುಡಿಸುತ್ತಿದ್ದ ಅಫೀಮು ಬೆರೆತ ಪಾನಕ, ಇವೆಲ್ಲ ಸೇರಿ ಮಾಡಿದ ಕೆಲಸ ಅದು.

ಬಡವರ ಮನೆವಾರ್ತೆ ಹೇಗಿತ್ತೆಂದು ತಿಳಿಯಲು ಲೀಡ್ಸ್‌ನ ನೆರೆಯ ಯಾರ್ಕ್ ನಗರಕ್ಕೆ ಹೋಗಬೇಕು. ಅಲ್ಲಿ ಚಾಕೊಲೇಟ್ ಕಾರ್ಖಾನೆಯ ಮನೆತನದ ಸೀಬಮ್ ರೌಂಟ್ರಿ 1899ರಲ್ಲಿ ಕಾರ್ಮಿಕರ ಮನೆ ಮನೆಗೂ ಜನರನ್ನು ಕಳುಹಿಸಿ ವಿವರ ಕಲೆಹಾಕಿದರು. ಗಂಡ, ಹೆಂಡತಿ, ಮೂವರು ಮಕ್ಕಳಿರುವ ಸಂಸಾರ ಬರಿಯ ಮೈಕಸುವನ್ನು ಉಳಿಸಿಕೊಳ್ಳಲು ವಾರಕ್ಕೆ 21 ಷಿಲಿಂಗ್ 8 ಪೆನ್ಸ್ (ಆಗ 12 ಪೆನ್ಸ್‌ಗೆ ಒಂದು ಷಿಲಿಂಗ್) ಬೇಕು ಎಂಬುದು ಅವರ ಲೆಕ್ಕ. ಊಟಕ್ಕೆ 12 ಷಿಲಿಂಗ್ 9 ಪೆನ್ಸ್, ಬಾಡಿಗೆಗೆ 4 ಷಿಲಿಂಗ್, ಬಟ್ಟೆ, ದೀಪ, ಸೌದೆ ಮುಂತಾದವಕ್ಕೆ 4 ಷಿಲಿಂಗ್ 11 ಪೆನ್ಸ್. ಇದರಲ್ಲಿ ಪತ್ರಿಕೆಯಿಲ್ಲ, ಬಸ್ಸಿನ ಟಿಕೆಟಿಲ್ಲ, ದೂರದ ಮಗನಿಗೆ ಕಾಗದ ಬರೆಯಲು ಅಂಚೆಚೀಟಿಯಿಲ್ಲ, ಮಕ್ಕಳಿಗೊಂದು ಗೊಂಬೆಯಿಲ್ಲ. ಕೌಶಲವಿಲ್ಲದ ಕೂಲಿಗೆ ಆ ಊರಿನಲ್ಲಿ ಸಿಗುತ್ತಿದ್ದ ಕೂಲಿ ಇಷ್ಟನ್ನೂ ಮುಟ್ಟುತ್ತಿರಲಿಲ್ಲ. ಎಲ್ಲ ಸೇರಿ ಊರಿನ ಶೇಕಡಾ 28ರಷ್ಟು ಜನ ಬಡತನದಲ್ಲಿದ್ದರು. ಕುಡಿತ ಮತ್ತು ಸೋಮಾರಿತನದಿಂದಲೇ ಬಡತನ ಎಂದು ಸಿರಿವಂತರು ನಂಬಿಕೊಂಡಿದ್ದ ಕಾಲದಲ್ಲಿ ಈ ಅಂಕಿಗಳು ಬಿಸಿ ಮುಟ್ಟಿಸಿದವು.

ರೌಂಟ್ರಿಯವರು ಕಂಡುಕೊಂಡ ಇನ್ನೊಂದು ಸಂಗತಿ ನನಗೆ ಇವೆಲ್ಲಕ್ಕಿಂತ ಮುಖ್ಯವೆನಿಸುತ್ತದೆ. ಕೂಲಿಯವನ ಬಾಳಿನಲ್ಲಿ ಬಡತನ ಮೂರು ಸಲ ಬಂದುಹೋಗುತ್ತಿತ್ತು: ತಾನು ಮಗುವಾಗಿದ್ದಾಗ ಒಮ್ಮೆ, ಮದುವೆಯಾಗಿ ತನ್ನ ಮಕ್ಕಳು ಚಿಕ್ಕವರಿದ್ದಾಗ ಮತ್ತೊಮ್ಮೆ, ಮೈ ಬಗ್ಗದ ಮುಪ್ಪಿನಲ್ಲಿ ಕೊನೆಯದಾಗಿ. ನಡುವೆ, ಮಕ್ಕಳು ದುಡಿಯಲು ಹೊರಟ ಕೆಲವು ವರ್ಷ, ಮನೆಗೆ ಒಂದು ಪರದೆ, ಗೋಡೆಗೊಂದು ಚಿತ್ರ, ಭಾನುವಾರಕ್ಕೆ ಒಂದು ಜೊತೆ ಒಳ್ಳೆಯ ಬಟ್ಟೆ ಸೇರುತ್ತಿತ್ತು. ಆ ಬಟ್ಟೆ ಸೋಮವಾರ ಬೆಳಗ್ಗೆ ಗಿರವಿ ಅಂಗಡಿಗೆ ಹೋಗಿ, ಶನಿವಾರ ಕೂಲಿ ಬಂದ ಮೇಲೆ ಬಿಡಿಸಿಕೊಂಡು ಬರುವುದು ಎಷ್ಟೋ ಮನೆಗಳ ವಾಡಿಕೆ. ಮಾಂಸವೆಂದರೆ ಶನಿವಾರ ರಾತ್ರಿ ಅಂಗಡಿ ಮುಚ್ಚುವ ಹೊತ್ತಿಗೆ ಅಗ್ಗಕ್ಕೆ ಸಿಗುವ ತುಂಡು. ಅದರಲ್ಲಿಯೂ ದೊಡ್ಡ ಪಾಲು ದುಡಿಯುವ ಗಂಡಸಿಗೆ, ಹೆಂಡತಿ ಮಕ್ಕಳಿಗೆ ಬ್ರೆಡ್ಡು, ಕೊಬ್ಬಿನ ಜಿಡ್ಡು, ಚಹಾ. ಆ ಬ್ರೆಡ್ಡಿಗೂ ಬೆಳ್ಳಗೆ ಕಾಣಲೆಂದು ಪಟಿಕ ಬೆರೆಸುತ್ತಿದ್ದುದನ್ನು ಡಾಕ್ಟರ್ ಹ್ಯಾಸಲ್ 1850ರ ದಶಕದಲ್ಲಿ ಸೂಕ್ಷ್ಮದರ್ಶಕವಿಟ್ಟು ಬಯಲಿಗೆಳೆದಿದ್ದರು. ಕಲಬೆರಕೆಗೆ ಗಟ್ಟಿಯಾದ ಕಾನೂನು ಬಂದದ್ದು 1875ರಲ್ಲಿ.

ನಿಮ್ಮ ಮಗಳ ಮನೆಯಂಥ ಮನೆಯಲ್ಲಿ ಬದುಕು ನಡೆಯುತ್ತಿದ್ದದ್ದು ಕೆಳಗಿನ ಒಂದೇ ಕೋಣೆಯಲ್ಲಿ. ಅಡುಗೆ, ಊಟ, ಸ್ನಾನ, ಹೊಲಿಗೆ, ಮಕ್ಕಳ ಪಾಠ, ಹೆಣವನ್ನು ಮಣ್ಣು ಮಾಡುವವರೆಗೆ ಮಲಗಿಸುವುದು ಕೂಡ ಅಲ್ಲಿಯೇ. ಸೋಮವಾರ ಬಟ್ಟೆ ಒಗೆಯುವ ದಿನ. ನೆಲಮಾಳಿಗೆಯ ತಾಮ್ರದ ಹಂಡೆಯಲ್ಲಿ ಬಟ್ಟೆ ಕುದಿಸಿ, ಬೀದಿಗಡ್ಡಲಾಗಿ ಕಟ್ಟಿದ ಹಗ್ಗಕ್ಕೆ ಹರವುತ್ತಿದ್ದರು. ಗಿರಣಿಯ ಮಸಿ ಬಿದ್ದು ಒಗೆದದ್ದು ಮತ್ತೆ ಕಪ್ಪಾದರೆ ಪುನಃ ಒಗೆಯಬೇಕು. ಬಡವರು ಕೊಳಕರೆಂಬ ಮಾತಿಗೆ ಆ ಬೀದಿಗಳ ಹೊಸ್ತಿಲುಗಳೇ ಉತ್ತರ: ನಮ್ಮಲ್ಲಿ ಸಾರಿಸಿ ರಂಗೋಲಿ ಹಾಕಿದಂತೆ ಅಲ್ಲಿನ ಹೆಂಗಸರು ಕಲ್ಲಿನ ಮೆಟ್ಟಿಲನ್ನು ದಿನಾ ಉಜ್ಜಿ ಅಂಚಿಗೆ ಬಣ್ಣದ ಕಲ್ಲು ತೀಡುತ್ತಿದ್ದರು. ಸಿರಿವಂತರ ಮನೆಯಲ್ಲಿ ಆಳುಗಳು ಹೊರುತ್ತಿದ್ದ ನೀರು, ಕಲ್ಲಿದ್ದಲು, ಕೊಳೆ ಇಲ್ಲಿ ಮನೆಯೊಡತಿಯ ಬೆನ್ನ ಮೇಲೆಯೇ ಬೀಳುತ್ತಿತ್ತು. ಆ ಎರಡು ಮನೆಗಳ ನಡುವಿನ ದೊಡ್ಡ ಅಂತರ ಇದೇ ಎಂದು ನಾನು ತಿಳಿದಿದ್ದೇನೆ. ಮೇಜು ಕುರ್ಚಿಗಳ ಅಂತರ ಇದರ ಮುಂದೆ ಸಣ್ಣದು. ಬಾಡಿಗೆಯ ವಿಷಯದಲ್ಲಂತೂ ಅಂತರ ಇನ್ನೂ ಕಡಿಮೆ: 1914ಕ್ಕೆ ಮುಂಚಿನ ಆ ದೇಶದಲ್ಲಿ ಹತ್ತು ಮನೆಗಳಲ್ಲಿ ಸುಮಾರು ಒಂಬತ್ತು ಬಾಡಿಗೆಯವೇ, ಅನುಕೂಲಸ್ಥರೂ ಬಾಡಿಗೆಯಲ್ಲೇ ಇರುತ್ತಿದ್ದರು.

ಈಗ ಖರೀದಿಯ ವಿಚಾರ. ಬ್ಯಾಕ್-ಟು-ಬ್ಯಾಕ್ ಮನೆಗೆ ಒಂದು ಒಳ್ಳೆಯ ಗುಣವಿದೆ: ಮೂರು ಕಡೆ ನೆರೆಯವರಿರುವುದರಿಂದ ಚಳಿಗಾಲದಲ್ಲಿ ಬೆಚ್ಚಗಿಡಲು ಖರ್ಚು ಕಡಿಮೆ. ಬೆಲೆಯೂ ಕಡಿಮೆ. ಅದೇ ಕಾರಣಕ್ಕೆ ಗಾಳಿ ಹಿಂದಿನಿಂದ ಮುಂದಕ್ಕೆ ಹಾಯುವುದಿಲ್ಲ, ಬೆಂಕಿ ಬಿದ್ದರೆ ಹೊರಬರಲು ಒಂದೇ ಮೆಟ್ಟಿಲು, ಒಂದೇ ಬಾಗಿಲು. ಸಾಲ ಕೊಡುವ ಕೆಲವು ಸಂಸ್ಥೆಗಳು ಇಂಥ ಮನೆಗೆ ಹಿಂದೆಮುಂದೆ ನೋಡುತ್ತವೆ, ಮಾರುವಾಗಲೂ ಕೊಳ್ಳುವವರ ಸಂಖ್ಯೆ ಕಡಿಮೆಯಿರುತ್ತದೆ. ಸಾಲದ ಸಂಸ್ಥೆ ತನ್ನ ಹಣದ ಭದ್ರತೆಗಾಗಿ ಮಾಡಿಸುವ ಬೆಲೆಯ ಅಂದಾಜನ್ನು ಮನೆಯ ತಪಾಸಣೆ ಎಂದು ನಿಮ್ಮ ಮಗಳು ಅಳಿಯ ಭಾವಿಸಬಾರದು. ಹಳೆಯ ಕಟ್ಟಡ ಬಲ್ಲ ಚಾರ್ಟರ್ಡ್ ಸರ್ವೇಯರ್ (ಕಟ್ಟಡದ ಸ್ಥಿತಿ ಪರೀಕ್ಷಿಸುವ ಅರ್ಹ ತಜ್ಞ) ಒಬ್ಬರಿಂದ ಲೆವೆಲ್ 3 ಎಂಬ ಪೂರ್ಣ ತಪಾಸಣೆಯನ್ನು ತಮ್ಮ ಖರ್ಚಿನಲ್ಲೇ ಮಾಡಿಸಬೇಕು.

ನಿಮ್ಮ ಮಗಳ ಈಗಿನ ಸ್ಥಿತಿಯಲ್ಲಿ ನಾನು ಮೊದಲು ನೋಡುವುದು ಸೀಸವನ್ನು. ಆ ಕಾಲದ ಮರದ ಬಾಗಿಲು, ಕಿಟಕಿ, ಕಟಕಟೆಗಳ ಮೇಲೆ ಪದರ ಪದರವಾಗಿ ಇರುವ ಹಳೆಯ ಬಣ್ಣದಲ್ಲಿ ಸೀಸ ಇದ್ದೇ ಇರುತ್ತದೆ ಎಂದುಕೊಳ್ಳಿ. ಗಟ್ಟಿಯಾಗಿ ಕುಳಿತಿದ್ದರೆ, ಮೇಲೆ ಹೊಸ ಬಣ್ಣ ಮುಚ್ಚಿದ್ದರೆ ಅದರಿಂದ ತೊಂದರೆಯಿಲ್ಲ. ಉಜ್ಜುಕಾಗದದಿಂದ ಒಣಗಿದ್ದ ಹಾಗೆಯೇ ತಿಕ್ಕಿದಾಗ, ಬೆಂಕಿಯಿಂದ ಸುಟ್ಟು ಕೀಳುವಾಗ ಏಳುವ ಧೂಳು ಮತ್ತು ಹೊಗೆ ಅಪಾಯ, ಏಕೆಂದರೆ ತಾಯಿಯ ರಕ್ತದ ಸೀಸ ಗರ್ಭದ ಕೂಸಿಗೂ ಹೋಗುತ್ತದೆ. ಮಗು ಬರುವ ಮೊದಲು ಕೋಣೆ ಚೆಂದ ಮಾಡೋಣವೆಂಬ ಉತ್ಸಾಹದಲ್ಲಿ ಬಸುರಿಯರು ತಾವೇ ಬಣ್ಣ ಕೆರೆಯಲು ನಿಲ್ಲುವುದನ್ನು ನಾನು ಕಂಡು ತಡೆದಿದ್ದೇನೆ. ಆ ಕೆಲಸ ಆಗಲೇಬೇಕಿದ್ದರೆ ಅವರು ಬೇರೆಡೆ ಉಳಿದುಕೊಂಡು, ಬಲ್ಲವರಿಂದ ಒದ್ದೆ ವಿಧಾನದಲ್ಲಿ ಮಾಡಿಸಲಿ. ಬೀದಿಯ ಕೊಳಾಯಿಯಿಂದ ಮನೆಗೆ ಬರುವ ಕೊಳವೆಯೂ ಸೀಸದ್ದಾಗಿರಬಹುದು. ನೆಲಮಾಳಿಗೆಯಲ್ಲಿ ಬೂದುಬಣ್ಣದ, ಕೆರೆದರೆ ಬೆಳ್ಳಿಯಂತೆ ಹೊಳೆಯುವ ಮೆತ್ತನೆಯ ಕೊಳವೆ ಕಂಡರೆ ನೀರು ಸರಬರಾಜು ಸಂಸ್ಥೆಯನ್ನು ಕೇಳಿ ನೀರಿನ ಪರೀಕ್ಷೆ ಮಾಡಿಸಬೇಕು. ಬದಲಿಸುವವರೆಗೆ ಬೆಳಗಿನ ಮೊದಲ ನೀರನ್ನು ಕುಡಿಯಲು ಹಿಡಿಯಬಾರದು.

ತೇವದ ಬಗ್ಗೆ ಮಡಿಕೇರಿಯವರಾದ ನಿಮಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಆ ಗೋಡೆಗಳನ್ನು ಕಟ್ಟಿದ್ದು ಸುಣ್ಣದ ಗಾರೆಯಲ್ಲಿ; ಅದು ನೀರು ಹೀರಿ ಮತ್ತೆ ಹೊರಗೆ ಬಿಡುತ್ತದೆ. ಅನಂತರದವರು ಸಂದುಗಳಿಗೆ ಸಿಮೆಂಟ್ ತುಂಬಿ, ಒಳಗೆ ಪ್ಲಾಸ್ಟಿಕ್ ಬಣ್ಣ ಬಳಿದು, ಚಿಮಣಿಯ ಬಾಯಿಯನ್ನು ಮುಚ್ಚಿದ್ದರೆ ತೇವ ಒಳಗೇ ಸಿಕ್ಕಿಬೀಳುತ್ತದೆ, ಬೂಷ್ಟು ಹಿಡಿಯುತ್ತದೆ. ಇಂಥಲ್ಲಿ ಕಾರಣ ಹುಡುಕದೆ ಗೋಡೆಗೆ ರಾಸಾಯನಿಕ ಚುಚ್ಚಿ ಸರಿಮಾಡುತ್ತೇವೆ ಎಂದು ಬರುವವರನ್ನು ದೂರವಿಡಿ. ಸೂರಿನಂಚಿನ ಒಡೆದ ಮಳೆನೀರಿನ ದೋಣಿ, ಏರಿದ ಹೊರನೆಲ, ಸಿಮೆಂಟಿನ ಸಂದು ಇವನ್ನು ಸರಿಪಡಿಸಿದರೆ ಅರ್ಧಕ್ಕಿಂತ ಹೆಚ್ಚು ತೊಂದರೆ ತಾನಾಗಿ ತೀರುತ್ತದೆ. ಒಳಗಿನಿಂದ ಶಾಖನಿರೋಧಕ ಹಲಗೆ ಹೊಡೆಸುವುದರಲ್ಲೂ ಅಪಾಯವಿದೆ. ಹಲಗೆಯ ಹಿಂದೆ ಕಾಣದಂತೆ ನೀರು ಸಾಂದ್ರೀಕರಿಸಿ ಮರದ ತೊಲೆಯ ತುದಿ ಕೊಳೆಯಬಹುದು.

ನಿಮ್ಮ ಮಗಳು ಅಳಿಯನ ಮುಂದೆ ಮೂರು ದಾರಿಗಳಿವೆ. ಈಗಲೇ ಕೊಂಡರೆ ಬೆಲೆ ಕುದುರಬಹುದು, ಆದರೆ ದುರಸ್ತಿಯೂ ಹೆರಿಗೆಯೂ ಒಂದೇ ಸಮಯಕ್ಕೆ ಬೀಳುತ್ತವೆ. ಹಿಂಬಾಗಿಲೂ ಸಣ್ಣ ಅಂಗಳವೂ ಇರುವ ಸಾಲುಮನೆ ನೋಡಿದರೆ ಗಾಳಿ ಬೆಳಕು ಸಿಗುತ್ತದೆ, ಬೆಲೆ ಏರುತ್ತದೆ, ಸೀಸ ಮತ್ತು ತೇವದ ಪ್ರಶ್ನೆಗಳು ಅಲ್ಲಿಯೂ ಇದ್ದೇ ಇರುತ್ತವೆ. ಮೂರನೆಯದು, ಹೆರಿಗೆಯಾಗಿ ಕೆಲವು ತಿಂಗಳು ಕಳೆಯುವವರೆಗೆ ಬಾಡಿಗೆಯಲ್ಲೇ ಮುಂದುವರಿಯುವುದು. ಆಗ ಸೋರಿಕೆ, ತೇವದ ದುರಸ್ತಿ ಮಾಲೀಕರ ಹೊಣೆಯಾಗಿಯೇ ಉಳಿಯುತ್ತದೆ ಮತ್ತು ಒಂದು ಚಳಿಗಾಲದಲ್ಲಿ ಆ ಮನೆ ಹೇಗೆ ವರ್ತಿಸುತ್ತದೆಂದು ಪುಕ್ಕಟೆಯಾಗಿ ತಿಳಿಯುತ್ತದೆ. ಮಾಲೀಕರು ಬೇರೆಯವರಿಗೆ ಮಾರಿಬಿಡಬಹುದೆಂಬ ಭಯ ನಿಜವೇ, ಆದರೂ ನನ್ನ ಮಕ್ಕಳಿಗಾದರೆ ನಾನು ಈ ಮೂರನೆಯದನ್ನೇ ಹೇಳುತ್ತಿದ್ದೆ.

ನೀವು ಹೋಗುವಾಗ ನೆನಪಿಡಬೇಕಾದದ್ದು ಒಂದಿದೆ. ಒಂದೇ ಕಡೆ ಕಿಟಕಿಯಿರುವ ಮನೆಯಲ್ಲಿ ಅನ್ನ, ಸಾರು ಕುದಿಯುವ ಹಬೆ, ಒಳಗೇ ಒಣಗಿಸುವ ಕೂಸಿನ ಬಟ್ಟೆ, ಎರಡು ಹೊತ್ತಿನ ಬಿಸಿನೀರಿನ ಸ್ನಾನ ಎಲ್ಲವೂ ಗೋಡೆಯ ಮೇಲೆಯೇ ಇಳಿಯುತ್ತವೆ. ಅಡುಗೆಮನೆ ಮತ್ತು ಬಚ್ಚಲಿನ ಫ್ಯಾನು ಹೊರಕ್ಕೆ ಗಾಳಿ ತಳ್ಳುತ್ತಿದೆಯೇ ಎಂದು ಅಳಿಯನಿಗೆ ಈಗಲೇ ಪರೀಕ್ಷಿಸಲು ಹೇಳಿ. ಬಾಣಂತಿಗೂ ಕೂಸಿಗೂ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಕೊಡುವುದನ್ನು ಆ ಮನೆಯಲ್ಲಿ ಮಾಡಬೇಡಿ. ಹೆಂಚು ಸಂದುಗಳಿಂದ ಗಾಳಿಯಾಡುವ ನಮ್ಮ ಮನೆಗಳಲ್ಲಿ ನಡೆದುಹೋಗುವ ಆ ಕೆಂಡ, ಕಿಟಕಿ ಬಿಗಿದ ಚಳಿಗಾಲದ ಕೋಣೆಯಲ್ಲಿ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಅನಿಲವನ್ನು ತುಂಬಿಬಿಡುತ್ತದೆ. ಹಳೆಯ ಒಲೆಗೂಡಿನಲ್ಲಿ ಬೆಂಕಿ ಹೊತ್ತಿಸುವ ಆಸೆಯಾದರೆ ಮೊದಲು ಚಿಮಣಿಯನ್ನು ಗುಡಿಸಿ ತಪಾಸಣೆ ಮಾಡಿಸಲಿ, ಕೋಣೆಯಲ್ಲಿ ಆ ಅನಿಲವನ್ನು ಗುರುತಿಸುವ ಅಲಾರಂ ಹಾಕಿಸಲಿ. ಸಾಂಬ್ರಾಣಿ ಹೊಗೆಯ ಬದಲು ಕೂಸಿನ ತಲೆಯನ್ನು ಮೆತ್ತನೆಯ ಟವೆಲ್ಲಿನಲ್ಲಿ ಒರೆಸಿ ಹೀಟರ್ ಹಾಕಿದ ಕೋಣೆಯಲ್ಲಿ ಇಟ್ಟುಕೊಂಡರೆ ಸಾಕು.